ಸಹಾಯ ಬೇಕು: ತೆಳು ಪದರಕ್ಕೆ ಮೆಶ್ ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಎಂ.ಟೆಕ್ ಓದುತ್ತಿದ್ದೇನೆ. ಇಲ್ಲಿನ ಬಿಸಿಲಿಗೆ ತಾರಸಿ ಎಷ್ಟು ಕಾಯುತ್ತದೆ ಅನ್ನುವುದೇ ನನ್ನ ಪ್ರಾಜೆಕ್ಟ್. ವಿಷಯ ಹುಡುಕುವ ಕಷ್ಟ ಇರಲಿಲ್ಲ, ಏಪ್ರಿಲ್‌ನಲ್ಲಿ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಂತರೆ ಸಾಕು.

ಆನ್ಸಿಸ್‌ನಲ್ಲಿ (ಶಾಖ ಹರಿಯುವುದನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್) 3 ಮೀಟರ್ ಉದ್ದ, 3 ಮೀಟರ್ ಅಗಲದ ತಾರಸಿಯ ಮಾಡೆಲ್. ಲೆಕ್ಕಕ್ಕಾಗಿ ಮಾಡೆಲನ್ನು ಎಲಿಮೆಂಟ್ ಅನ್ನುವ ಪುಟ್ಟ ತುಂಡುಗಳಾಗಿ ಒಡೆಯಬೇಕು, ಆ ತುಂಡುಗಳ ಜಾಲವೇ ಮೆಶ್. 125 ಮಿ.ಮೀ. ಸ್ಲ್ಯಾಬ್, 50 ಮಿ.ಮೀ. ಥರ್ಮೋಕೋಲ್, 40 ಮಿ.ಮೀ. ಗಾರೆ, ಮೇಲೆ 0.3 ಮಿ.ಮೀ. ಬಿಳಿ ಪೇಂಟ್. ತಲೆನೋವು ಈ ಪೇಂಟಿನದೇ. ಅದರ ದಪ್ಪದಷ್ಟೇ ಉದ್ದ-ಅಗಲದ ಎಲಿಮೆಂಟ್ ಕೊಟ್ಟರೆ ಆ ಒಂದು ಪದರಕ್ಕೇ 10 ಕೋಟಿ ಆಗುತ್ತದೆ. ನನ್ನ ಲ್ಯಾಪ್‌ಟಾಪ್ ಪಾಪ, ಅಲ್ಲೇ ಮಲಗುತ್ತದೆ. ಉದ್ದ-ಅಗಲ 25 ಮಿ.ಮೀ. ಕೊಟ್ಟರೆ ಎಲಿಮೆಂಟ್‌ಗಳು ಹಪ್ಪಳದಂತೆ ಚಪ್ಪಟೆಯಾಗಿ ಎಚ್ಚರಿಕೆ ಬರುತ್ತದೆ.

ಇನ್ನೊಂದು ವಿಚಿತ್ರ. ಬಿಸಿಲು ಹಾಕಿದ ಮೊದಲ ಕ್ಷಣಗಳಲ್ಲಿ ಗಾರೆಯೊಳಗೆ ಉಷ್ಣತೆ ಶುರುವಿನ 30 ಡಿಗ್ರಿಗಿಂತ ಕೆಳಗಿಳಿಯುತ್ತದೆ! ಗಾರೆಯ ದಪ್ಪಕ್ಕೆ ಎರಡೇ ಎಲಿಮೆಂಟ್ ಇಟ್ಟು, ಟೈಮ್ ಸ್ಟೆಪ್ (ಒಂದು ಲೆಕ್ಕದಿಂದ ಮುಂದಿನದಕ್ಕೆ ಇಡುವ ಸಮಯದ ಅಂತರ) ತೀರಾ ಚಿಕ್ಕದು ಮಾಡಿದ್ದಕ್ಕೇ ಹೀಗಾ?

ಪೇಂಟನ್ನು ತೆಗೆದು, ಗಾರೆಯ ಮೇಲ್ಮೈಗೆ ಬಿಸಿಲು ಹೀರುವ ಪ್ರಮಾಣ ಮಾತ್ರ ಕೊಟ್ಟರೆ ನಡೆಯುತ್ತದಾ? ಥರ್ಮೋಕೋಲ್ ಮುಂದೆ ಪೇಂಟ್ ತಡೆಯುವ ಶಾಖ ಏನೂ ಅಲ್ಲ, ಅಲ್ವಾ? ಆದರೆ ನಮ್ಮ ಗೈಡ್ ಪದರ ಇರಲೇಬೇಕು ಅನ್ನುತ್ತಾರೆ. ಶೆಲ್ ಎಲಿಮೆಂಟ್ (ತೆಳು ಪದರವನ್ನು ಹಾಳೆಯಂತೆ ಬಿಡಿಸಿ, ದಪ್ಪವನ್ನು ಬರೀ ಸಂಖ್ಯೆಯಾಗಿ ಕೊಡುವ ಬಗೆ) ಬಳಸಿದವರು ಇದ್ದರೆ ದಯವಿಟ್ಟು ಹೇಳಿ. ಮುಂದಿನ ವಾರ ರಿವ್ಯೂ ಇದೆ.