ಕಾರ್ಪೆಟ್ ಹಾಸುವ ಮೊದಲು ಮೇಲಿನ ಕೋಣೆಯ ಕಿರ್ ಕಿರ್ ನಿಲ್ಲಿಸುವುದು ಹೇಗೆ?

ಬಳ್ಳಾರಿಯಿಂದ ಪ್ರಶ್ನೆ:
ನಮ್ಮದು ಅಜ್ಜನ ಕಾಲದ ಮನೆ. ಮೇಲಿನ ಕೋಣೆಯ ನೆಲ ಅಂದರೆ ತೊಲೆ, ಅದರ ಮೇಲೆ ಜಂತಿ, ಜಂತಿ ಮೇಲೆ ಹಲಗೆ, ಅಷ್ಟೇ. ರಾತ್ರಿ ಯಾರಾದರೂ ನೀರು ಕುಡಿಯಲು ಎದ್ದರೆ ಕೆಳಗೆ ಮಲಗಿದ ಅವ್ವನಿಗೆ ಎಚ್ಚರ ಆಗುತ್ತದೆ, ಅಷ್ಟು ಸದ್ದು. ಈಗ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಕಿಸಬೇಕು ಅಂತಿದ್ದೇವೆ. ಕೆಳಗೆ ಫೋಮ್ ಹಾಕಿದರೆ ಸದ್ದು ತಾನೇ ನಿಲ್ಲುತ್ತದೆ ಅಂತಾರೆ ಅಂಗಡಿಯವರು. ನಿಜಾನಾ? ಮಾಡಿಸಿದವರು ಹೇಳಿ.

ಗಂಗಾವತಿ ಕಡೆಯಿಂದ:
ನಿಲ್ಲುವುದಿಲ್ಲ ರೀ. ಫೋಮ್ ಹಾಕಿದರೆ ದಬ ದಬ ಅನ್ನುವುದು ಕಡಿಮೆ ಆಗುತ್ತದೆ, ಕಿರ್ ಅನ್ನುವುದು ಹಾಗೇ ಇರುತ್ತದೆ. ಮರ ಒಣಗಿ ಹಲಗೆ ಜಂತಿಯಿಂದ ಕೂದಲೆಳೆಯಷ್ಟು ಎದ್ದಿರುತ್ತದೆ, ಕಾಲಿಟ್ಟಾಗ ಕೆಳಗಿಳಿದು ಹಳೆ ಮೊಳೆಗೆ ಉಜ್ಜುತ್ತದೆ, ಆ ಸದ್ದು ಅದು. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮಳೆಗಾಲಕ್ಕೆ ಅದೇ ಮರ ಉಬ್ಬುತ್ತದೆ. ವರ್ಷ ವರ್ಷ ಹೀಗೆ ಎಳೆದಾಡಿದರೆ ಮೊಳೆ ಸಡಿಲ ಆಗದೆ ಇನ್ನೇನು?

ಆದರೆ ಹಳೆ ಮನೆಯವರಿಗೆ ಒಂದು ಅನುಕೂಲ ಇದೆ, ಕೆಳಗಿನ ಕೋಣೆಯಲ್ಲಿ ನಿಂತರೆ ಜಂತಿ ಎಲ್ಲಾ ಬರಿಗಣ್ಣಿಗೇ ಕಾಣುತ್ತವೆ. ನಾನು ಮಗನನ್ನು ಮೇಲೆ ನಿಧಾನಕ್ಕೆ ನಡೆಸಿದೆ, ಕೆಳಗೆ ಏಣಿ ಮೇಲೆ ನಿಂತು ಜಂತಿಗೆ ಕೈ ಇಟ್ಟೆ, ಎಲ್ಲಿ ಕಿರ್ ಅಂತೋ ಅಲ್ಲಿ ಸೀಮೆಸುಣ್ಣದ ಗುರುತು. ಇಡೀ ನೆಲವೇ ಕೆಟ್ಟಿದೆ ಅಂದುಕೊಂಡಿದ್ದೆ, ನೋಡಿದರೆ ಏಳೇ ಜಾಗ. ಅದರಲ್ಲಿ ನಾಲ್ಕು ಬಾಗಿಲ ಹತ್ತಿರ.

ಅಲ್ಲಿ ಮೊಳೆ ಹೊಡೆಯಬೇಡಿ, ಸ್ಕ್ರೂ ಹಾಕಿಸಿ. ಒಂದಿಂಚಿನ ಹಲಗೆಗೆ ಎರಡೂವರೆ ಇಂಚಿನದು ಸಾಕು. ಹಲಗೆಯಲ್ಲಿ ಸ್ಕ್ರೂ ಸಲೀಸಾಗಿ ಜಾರುವಷ್ಟು ದೊಡ್ಡ ತೂತು ಇರಬೇಕು, ಜಂತಿಯಲ್ಲಿ ಸಣ್ಣದು. ನಮ್ಮ ಬಡಿಗರು ಎರಡಕ್ಕೂ ಒಂದೇ ಸಣ್ಣ ತೂತು ಹಾಕಿ ತಿರುಗಿಸಿಬಿಟ್ಟರು, ಸ್ಕ್ರೂ ಹಲಗೆಯನ್ನೂ ಹಿಡಿಯಿತು, ಜಂತಿಯನ್ನೂ ಹಿಡಿಯಿತು, ನಡುವಿನ ಸಂದು ಮಾತ್ರ ಹಾಗೇ ಉಳಿಯಿತು. ಎರಡೇ ದಿನಕ್ಕೆ ಮತ್ತೆ ಕಿರ್! ಬಿಚ್ಚಿಸಿ ಮತ್ತೆ ಹಾಕಿಸಿದೆ. ತಿರುಗಿಸುವಾಗ ಹಲಗೆ ಮೇಲೆ ಒಬ್ಬರು ನಿಂತಿರಬೇಕು. ಸ್ಕ್ರೂ ತಲೆ ಮರದೊಳಗೆ ಇಳಿದಿರಲಿ, ಇಲ್ಲಾಂದ್ರೆ ಕಾರ್ಪೆಟ್ ಮೊದಲು ಸವೆಯುವುದು ಅಲ್ಲೇ. ಜಂತಿ ಪಕ್ಕದಲ್ಲಿ ವೈರ್ ಎಳೆದಿದ್ದರೆ ಅದನ್ನೂ ನೋಡಿಕೊಂಡು ಕೊರೆಯಿರಿ.

ರಾಯಚೂರಿನಿಂದ:
ಅದಕ್ಕಿಂತ ಮೊದಲು ಜಂತಿ ಗೋಡೆಯೊಳಗೆ ಹೋಗುವ ತುದಿ ನೋಡಿ. ನಾವೂ ಬರೀ ಸದ್ದು ಅಂತಲೇ ಶುರು ಮಾಡಿದ್ದು, ಒಂದು ಕಡೆ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಗೆದ್ದಲು. ಗೋಡೆಯಲ್ಲಿ ಮಳೆ ನೀರು ಇಳಿದು ತುದಿ ತೇವ ಆಗಿತ್ತು. ಅಂಥ ಜಂತಿಗೆ ಎಷ್ಟು ಸ್ಕ್ರೂ ಹಾಕಿದರೂ ಹಿಡಿಯುವುದಿಲ್ಲ. ಮೊದಲು ನೀರು ಬರುವುದು ನಿಲ್ಲಿಸಿ, ಔಷಧಿ ಹೊಡೆಸಿ, ಪಕ್ಕದಲ್ಲೇ ಹೊಸ ಜಂತಿಯನ್ನು ಗೋಡೆಯಿಂದ ಗೋಡೆಗೆ ಕೂರಿಸಿದೆವು. ಖರ್ಚು ಜಾಸ್ತಿಯೇ ಆಯಿತು. ಆದರೆ ಕಾರ್ಪೆಟ್ ಹಾಸಿದ ಮೇಲೆ ಗೆದ್ದಲು ಬಂದರೆ ಮೇಲಿಂದ ಕಾಣುವುದೇ ಇಲ್ಲ.

ಸಂಡೂರಿನಿಂದ:
ಹಲಗೆಗೆ ಹಲಗೆ ಉಜ್ಜಿ ಬರುವ ಸದ್ದಾದರೆ ಸಂದಿಗೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ನೋಡಿ, ನಮಗೆ ಕೆಲವು ತಿಂಗಳು ನಡೆಯಿತು. ಗರಗಸದ ಪುಡಿ, ಫೆವಿಕಾಲ್ ಕಲಸಿ ಸಂದಿಗೆ ಗಿಡಿಯುವುದು ಮಾತ್ರ ಬೇಡ, ಅದೂ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಹಲಗೆಗೆ ಉಬ್ಬಲು ಜಾಗ ಬೇಕಲ್ವಾ? ನಮ್ಮಲ್ಲಿ ಎರಡು ಹಲಗೆ ಮಗ್ಗುಲು ಎದ್ದು ಕೂತವು. ಇನ್ನೊಂದು, ಕೇಳಿಲ್ಲ ನೀವು, ಆದರೂ ಹೇಳುತ್ತೇನೆ: ನಮ್ಮ ಜಿಲ್ಲೆಯ ಕೆಂಪು ಧೂಳಿಗೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಯಾಕೆ? ಒಂದು ಜಮಖಾನ ಹಾಸಿದರೆ ಎತ್ತಿ ಝಾಡಿಸಬಹುದು.

ಬಳ್ಳಾರಿಯಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಗುರುತು ಹಾಕಿ ಮುಗಿಸಿದೆ. ಗೆದ್ದಲು ಇಲ್ಲ, ಪುಣ್ಯ. ಒಂದು ಕಡೆ ಮಾತ್ರ ಜಂತಿ ಬಾಗಿದೆ, ಹಲಗೆಗೂ ಅದಕ್ಕೂ ನಡುವೆ ಬೆಳಕು ಕಾಣುತ್ತದೆ. ಅಲ್ಲಿ ಸ್ಕ್ರೂ ಹಾಕಿ ಎಳೆಯಲಾ?

ಗಂಗಾವತಿ:
ಬೇಡ, ಹಲಗೆ ಸೀಳುತ್ತದೆ. ತೆಳ್ಳಗೆ ಮರದ ಚಕ್ಕೆ ಮಾಡಿ, ಫೆವಿಕಾಲ್ ಹಚ್ಚಿ, ಕೆಳಗಿಂದ ಕೈಯಲ್ಲಿ ಒತ್ತಿದರೆ ಎಷ್ಟು ಹೋಗುತ್ತದೋ ಅಷ್ಟೇ ಸಾಕು. ಸುತ್ತಿಗೆ ತಗೊಂಡು ಹೊಡೆದರೆ ಹಲಗೆ ಮೇಲೆದ್ದು ಪಕ್ಕದ ಹಲಗೆ ಹಾಡಲು ಶುರು ಮಾಡುತ್ತದೆ.

ಬಳ್ಳಾರಿ:
ಚಕ್ಕೆ ಕೆಲಸ ಮಾಡಿತು. ಈಗ ಉಳಿದಿರುವುದು ಮೆಟ್ಟಿಲು ಹತ್ತಿದ ತಕ್ಷಣ ಸಿಗುವ ಹಲಗೆ ಒಂದೇ. ಅದನ್ನು ಹಾಗೇ ಬಿಡು ಅಂದಳು ಅವ್ವ. ಹುಡುಗರು ರಾತ್ರಿ ಎಷ್ಟು ಹೊತ್ತಿಗೆ ಬಂದರು ಅಂತ ಗೊತ್ತಾಗಬೇಕಂತೆ.