ಕಾಲುವೃತ್ತದ ಶವರ್ ಟ್ರೇಗೆ ಹೊಸ ಗಾಜಿನ ಆವರಣ: ತ್ರಿಜ್ಯವನ್ನು ಅಳೆಯುವುದು ಹೇಗೆ?

ಪ್ರಶ್ನೆ

ನಮಸ್ಕಾರ. ಇಂಗ್ಲೆಂಡಿನಲ್ಲಿ ನಾವು ಕೊಂಡಿರುವ ಹಳೆಯ ಮನೆಯ ಬಚ್ಚಲಿನ ಮೂಲೆಯಲ್ಲಿ ಕಾಲುವೃತ್ತದ ಆಕಾರದ ಶವರ್ ಟ್ರೇ ಇದೆ. ಜಾರುಬಾಗಿಲಿನ ಚಕ್ರಗಳು ಸವೆದಿವೆ, ಬಿಡಿಭಾಗಗಳು ಸಿಗುತ್ತಿಲ್ಲ. ಆದ್ದರಿಂದ ಗಾಜಿನ ಆವರಣವನ್ನಷ್ಟೇ ಬದಲಿಸಬೇಕೆಂದಿದ್ದೇವೆ. ಟ್ರೇ ಗಟ್ಟಿಯಾಗಿದೆ, ಅದರ ಅಂಚು ಗೋಡೆಯ ಟೈಲ್ಸ್ ಅಡಿಗೆ ಸೇರಿಕೊಂಡಿರುವುದರಿಂದ ಅದನ್ನು ಕೀಳಲು ಮನಸ್ಸಿಲ್ಲ. ಟೈಲ್ಸ್ ಮೈಯಿಂದ ಹೊರ ಅಂಚಿಗೆ ಎರಡೂ ಬದಿಯಲ್ಲಿ 890 ಮಿ.ಮೀ. ಬರುತ್ತದೆ. ಅಂಗಡಿಯವರು ತ್ರಿಜ್ಯವನ್ನು ಕೇಳುತ್ತಿದ್ದಾರೆ. ನೇರ ಅಂಚು ಎಲ್ಲಿ ಮುಗಿದು ಬಾಗು ಎಲ್ಲಿ ಶುರುವಾಗುತ್ತದೆ ಎಂಬುದೇ ಕಣ್ಣಿಗೆ ಗೊತ್ತಾಗುತ್ತಿಲ್ಲ. ಹೇಗೆ ಅಳೆಯಲಿ?

ಉತ್ತರ

ನಮಸ್ಕಾರ. ಬಾಗು ಶುರುವಾಗುವ ಬಿಂದುವನ್ನು ಹುಡುಕುವ ಪ್ರಯತ್ನವನ್ನು ಬಿಟ್ಟುಬಿಡಿ. ಅದು ಯಾರ ಕಣ್ಣಿಗೂ ಖಚಿತವಾಗಿ ಸಿಗುವುದಿಲ್ಲ. ಸರಿಯಾಗಿ 600 ಮಿ.ಮೀ. ಉದ್ದದ ನೇರ ಪಟ್ಟಿಯೊಂದನ್ನು ಟ್ರೇಯ ಮೇಲೆ ಅಡ್ಡಲಾಗಿ ಇಟ್ಟು, ಅದರ ಎರಡೂ ತುದಿಗಳು ಬಾಗಿದ ಹೊರ ಅಂಚನ್ನು ಮುಟ್ಟುವಂತೆ ಹೊಂದಿಸಿ. ಬಳಿಕ ಪಟ್ಟಿಯ ನಡುಮಧ್ಯದಿಂದ ಅಂಚಿಗಿರುವ ದೂರವನ್ನು ಅಳೆಯಿರಿ. ಅದು 100 ಮಿ.ಮೀ. ಇದ್ದರೆ ತ್ರಿಜ್ಯ 500, ಸುಮಾರು 89 ಇದ್ದರೆ 550. ಪಟ್ಟಿಯ ಉದ್ದ ಬೇರೆಯಾಗಿದ್ದರೆ, ಉದ್ದದ ವರ್ಗವನ್ನು ಮಧ್ಯದ ದೂರದ ಎಂಟರಷ್ಟರಿಂದ ಭಾಗಿಸಿ, ಬಂದದ್ದಕ್ಕೆ ಮಧ್ಯದ ದೂರದ ಅರ್ಧವನ್ನು ಕೂಡಿಸಿದರೆ ತ್ರಿಜ್ಯ ಸಿಗುತ್ತದೆ. ಟ್ರೇಯ ತುದಿ ಉರುಟಾಗಿರುವುದರಿಂದ ಟೇಪನ್ನು ಅಂದಾಜಿಗೆ ಹಿಡಿಯಬೇಡಿ: ಹೊರಮೈಗೆ ಮೂಲೆಮಟ್ಟವನ್ನು ಒತ್ತಿಟ್ಟು, ಅದರ ಲಂಬ ಅಂಚಿನವರೆಗೆ ಅಳೆಯಿರಿ.

ಈ ಲೆಕ್ಕವನ್ನು ಇನ್ನೊಂದು ಅಳತೆಯಿಂದ ತಾಳೆ ನೋಡುವುದು ಅಗತ್ಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹದಗೊಳಿಸಿದ ಗಾಜನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ. ಟೈಲ್ಸ್ ಕೂಡುವ ಮೂಲೆಯಿಂದ ಬಾಗಿನ ನಡುವಿಗೆ ಓರೆಯಾಗಿ ಅಳೆಯಿರಿ. ನಿಮ್ಮ 890ರ ಬದಿಗಳಿಗೆ, ತ್ರಿಜ್ಯ 500 ಆಗಿದ್ದರೆ ಸುಮಾರು 1052, 550 ಆಗಿದ್ದರೆ ಸುಮಾರು 1031 ಬರಬೇಕು.

ಪ್ರಶ್ನೆ ಕೇಳಿದವರು

ಪಟ್ಟಿಯ ನಡುವಿನಲ್ಲಿ 99, ಓರೆ ಅಳತೆ 1051 ಬಂದಿದೆ. ಆದರೆ ಅಂಗಡಿಯಲ್ಲಿರುವುದು 550ರ ಆವರಣ ಮಾತ್ರ. ಗೋಡೆಗೆ ಜೋಡಿಸುವ ಅಲ್ಯೂಮಿನಿಯಂ ಪಟ್ಟಿಯಲ್ಲಿ ಹಿಂದೆಮುಂದೆ ಸರಿಸಲು ಅವಕಾಶವಿದೆ, ಹೊಂದಿಕೊಳ್ಳುತ್ತದೆ ಎನ್ನುತ್ತಾರೆ.

ಉತ್ತರ

ನಿಮ್ಮದು 500ರ ಟ್ರೇ, ಅನುಮಾನವಿಲ್ಲ. ಆ ಅವಕಾಶ ಇರುವುದು ಗೋಡೆ ಓರೆಯಾಗಿದ್ದರೆ ಅಥವಾ ಟೈಲ್ಸ್ ದಪ್ಪದಿಂದ ಬದಿಯ ಅಳತೆ ಕುಗ್ಗಿದ್ದರೆ ಸರಿಹೊಂದಿಸಲು. ನಿಮ್ಮ 900ರ ಟ್ರೇ 890 ಆಗಿ ಕಾಣುತ್ತಿರುವುದೂ ಬಹುಶಃ ಟೈಲ್ಸ್‌ನಿಂದಲೇ. ಬದಿಗಳನ್ನು ಎಷ್ಟೇ ಸರಿಸಿದರೂ ಗಾಜಿನ ಬಾಗು ಬದಲಾಗುವುದಿಲ್ಲ. ಬದಿಗಳು ಸರಿಹೊಂದಿದಾಗ 550ರ ಆವರಣವು ನಡುವಿನಲ್ಲಿ ಸುಮಾರು 21 ಮಿ.ಮೀ. ಒಳಕ್ಕೆ ಸರಿದು, ಅಂಚಿನ ಸಮತಟ್ಟಾದ ಭಾಗವನ್ನು ಬಿಟ್ಟು ಇಳಿಜಾರಿನ ಮೇಲೆ ಕೂರುವ ಸಂಭವವಿದೆ. ಆಗ ಹೊರಗುಳಿದ ಅಂಚಿನಲ್ಲಿ ನೀರು ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಈಗ ಹೆಚ್ಚಾಗಿ ಮಾರಾಟವಾಗುವುದು 550 ಆದರೂ, ದಯವಿಟ್ಟು 500ರದ್ದನ್ನೇ ಹುಡುಕಿ.

ಹಣ ಕೊಡುವ ಮೊದಲು ರಸಮಟ್ಟದಿಂದ ಎರಡೂ ಗೋಡೆಗಳು ನೆಟ್ಟಗೆ ಲಂಬವಾಗಿವೆಯೇ ಎಂಬುದನ್ನು, ಟ್ರೇಯ ಮೇಲಿನಿಂದ ಆವರಣದ ಎತ್ತರದವರೆಗೆ ಪರೀಕ್ಷಿಸಿ. ಬುಡದಲ್ಲೂ ತುದಿಯಲ್ಲೂ ಬರುವ ಅಳತೆಗಳೆರಡೂ ಆವರಣದ ವಿವರಪಟ್ಟಿಯಲ್ಲಿ ಕೊಟ್ಟಿರುವ ಕನಿಷ್ಠ ಮತ್ತು ಗರಿಷ್ಠ ಅಳತೆಗಳ ನಡುವೆ ಇರಬೇಕು. ಆ ಅಳತೆಯನ್ನು ಟ್ರೇಯ ಅಂಚಿಗೆ ಹೇಳಿದ್ದಾರೆಯೋ ಗಾಜಿನ ಸಾಲಿಗೆ ಹೇಳಿದ್ದಾರೆಯೋ ಎಂಬುದನ್ನೂ ಚಿತ್ರದಲ್ಲಿ ನೋಡಿಕೊಳ್ಳಿ. ಕೂರಿಸುವಾಗ ತಯಾರಕರು ಬೇರೆ ಹೇಳದಿದ್ದರೆ ಸಿಲಿಕೋನನ್ನು ಹೊರಬದಿಗೆ ಮಾತ್ರ ಹಚ್ಚಿ. ಒಳಬದಿಯನ್ನೂ ಮುಚ್ಚಿದರೆ ಚೌಕಟ್ಟಿನೊಳಗೆ ಸೇರಿದ ನೀರು ಟ್ರೇಗೆ ಮರಳಲು ದಾರಿಯಿರುವುದಿಲ್ಲ.