ಬ್ಯಾಂಕಾಕ್‌ಗೆ ಮೊದಲ ಸಲ: ಗೇ ಬಾರ್, ಸೌನಾ ಬಗ್ಗೆ ಗೊತ್ತಿದ್ದವರು ಹೇಳಿ

ಕಾಳಿ_ದಂಡೆ:
ನಾನು ಕಾರವಾರದವನು, ವಯಸ್ಸು 29. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಲ್ಲಿ ಟಾಗೋರ್ ಬೀಚಲ್ಲಿ ಯಾರ ಜೊತೆಗಾದರೂ ಕೂತರೆ ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಸುದ್ದಿ ಮುಟ್ಟಿರುತ್ತದೆ. ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಬ್ಯಾಂಕಾಕ್‌ಗೆ ಹೋಗುತ್ತಿದ್ದೇನೆ, ಕೆಲಸ ಮುಗಿದ ಮೇಲೆ ಮೂರು ರಾತ್ರಿ ನನ್ನದೇ. ಬಾರ್‌ಗೆ ಹೋಗುವ ಧೈರ್ಯ ಇದೆ. ಗಂಡಸರು ಗಂಡಸರ ಜೊತೆ ಕೂಡಲು ಹೋಗುವ ಹಬೆಸ್ನಾನದ ಸೌನಾ ಅಂದರೆ ಮಾತ್ರ ಕೈಕಾಲು ತಣ್ಣಗಾಗುತ್ತದೆ. ಒಳಗೆ ಹೋದ ಮೇಲೆ ಬೇಡ ಅನಿಸಿದರೆ? ಊರಿನವರು ಸಿಕ್ಕಿದರೆ?

ಶಿರಸಿ_ಮಳೆ:
ತಮ್ಮಾ, ನಾನು ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ರಾತ್ರಿಯೇ ಸೌನಾ ಬೇಡ. ಸಾಲಾ ಡೇಂಗ್ ಸ್ಟೇಷನ್‌ನಲ್ಲಿ ಇಳಿದು ಸಿಲೋಮ್ ಸೋಯ್ 4ಕ್ಕೆ ಹೋಗು. ಸೋಯ್ ಅಂದರೆ ನಮ್ಮ ಓಣಿ ಇದ್ದ ಹಾಗೆ. ಹೊರಗೇ ಕುರ್ಚಿ ಹಾಕಿರುತ್ತಾರೆ, ಒಂದು ಬಿಯರ್ ತಗೊಂಡು ಸುಮ್ನೆ ಕೂತು ನೋಡು. ಇಬ್ಬರು ಗಂಡಸರು ಕೈ ಹಿಡಿದು ಹೋದರೂ ಯಾರೂ ತಿರುಗಿ ನೋಡಲ್ಲ, ನನಗೆ ಅದನ್ನು ನೋಡಿಯೇ ಗಂಟಲು ಕಟ್ಟಿತ್ತು. 2025ರ ಜನವರಿ 23ರಿಂದ ಅಂಥ ಇಬ್ಬರು ಅಲ್ಲಿ ಮದುವೆಯೂ ಆಗಬಹುದು. ಕುಣಿಯಬೇಕು ಅನಿಸಿದರೆ ಸೋಯ್ 2ರಲ್ಲಿ ಡಿಜೆ ಸ್ಟೇಷನ್ ಅನ್ನುವ ಕ್ಲಬ್ ಇದೆ. ಪಾಸ್‌ಪೋರ್ಟ್ ಇಟ್ಟುಕೋ, ವಯಸ್ಸು ನೋಡುತ್ತಾರೆ.

ಈಗ ಸೌನಾ. ಕೌಂಟರ್‌ನಲ್ಲಿ ದುಡ್ಡು ಕೊಟ್ಟರೆ ಟವೆಲ್, ಲಾಕರ್ ಕೀ ಸಿಗುತ್ತದೆ. ನನಗೆ ಕೊಟ್ಟ ಕೀಗೆ ಎಲಾಸ್ಟಿಕ್ ಪಟ್ಟಿ ಇತ್ತು, ಒದ್ದೆ ಮಣಿಕಟ್ಟಿನಲ್ಲಿ ಅದನ್ನೇ ತಿರುಗಿಸುತ್ತಾ ನಿಂತಿದ್ದೆ. ಬಟ್ಟೆ, ಫೋನ್ ಎಲ್ಲ ಲಾಕರ್ ಒಳಗೆ. ಮೊದಲು ಸ್ನಾನ, ಆಮೇಲೆ ಹಬೆ ಕೋಣೆ, ಕತ್ತಲೆ ಕೋಣೆ, ಚಿಲಕ ಇರುವ ಸಣ್ಣ ಕೋಣೆಗಳು. ಮಾತು ಕಡಿಮೆ, ಕಣ್ಣಲ್ಲೇ ಕೇಳುತ್ತಾರೆ. ಬೇಡ ಅಂದರೆ ಅವರ ಕೈ ಮೆಲ್ಲಗೆ ಸರಿಸು, ಅಷ್ಟೇ ಸಾಕು. ಆದರೂ ಬಿಡದಿದ್ದರೆ ಕೌಂಟರ್‌ಗೆ ಬಂದು ಹೇಳು. ಮೊದಲ ಸಲ ನಾನು ಬರೀ ಹಬೆ ತಗೊಂಡು, ತಣ್ಣೀರು ಸುರಿದುಕೊಂಡು ವಾಪಸ್ ಬಂದೆ. ಯಾರೂ ಏನೂ ಕೇಳಲಿಲ್ಲ. ಊರಿನವರು ಸಿಕ್ಕರೆ ಅವರಿಗೂ ನಿನ್ನಷ್ಟೇ ಹೆದರಿಕೆ ಇರುತ್ತದೆ, ಅಲ್ವಾ?

ಅಘನಾಶಿನಿ:
ಅಣ್ಣ ಹೇಳಿದ್ದು ಸರಿ, ಆದರೆ ಆರೋಗ್ಯದ ಮಾತು ಬಿಟ್ಟುಹೋಯಿತು. ಕಾಂಡೋಮ್ ಬೇಕೇ ಬೇಕು. ಎಚ್‌ಐವಿ ಬಾರದಂತೆ ಮೊದಲೇ ತಗೊಳ್ಳುವ ಪ್ರೆಪ್ ಮಾತ್ರೆ ಬಗ್ಗೆ ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿ, ಅದಕ್ಕೂ ಎಚ್‌ಐವಿ ಟೆಸ್ಟ್ ಮೊದಲು ಆಗಬೇಕು. ಕಾಂಡೋಮ್ ಹರಿದರೆ ಊರಿಗೆ ಬಂದು ನೋಡೋಣ ಅಂತ ಕಾಯಬೇಡಿ. ಹಾಗಾದ ಮೇಲೆ ಎಚ್‌ಐವಿ ತಡೆಯಲು ತಗೊಳ್ಳುವ ಪೆಪ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಗೊಳ್ಳಬೇಕು. ಬ್ಯಾಂಕಾಕ್‌ನಲ್ಲೇ ಥಾಯ್ ರೆಡ್ ಕ್ರಾಸ್‌ನವರ ಅನಾಮಿಕ ಕ್ಲಿನಿಕ್ ಇದೆ. ಅಪರಿಚಿತರು ಕೊಟ್ಟ ಪುಡಿ, ಪಾನೀಯ ಮುಟ್ಟಲೇಬೇಡಿ.

ನಮ್ಮಲ್ಲಿ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಅನ್ನುವ ಎಚ್‌ಐವಿ ಸಲಹೆ-ಪರೀಕ್ಷೆ ಕೇಂದ್ರದಲ್ಲಿ ಟೆಸ್ಟ್ ಉಚಿತ, 2017ರ ಎಚ್‌ಐವಿ ಕಾನೂನಿನ ಪ್ರಕಾರ ಫಲಿತಾಂಶ ಗುಟ್ಟಾಗಿಡಬೇಕು. ಆದರೂ ಒಂದು ಕಡೆ ನನ್ನ ಹೆಸರನ್ನು ಸಾಲಿನ ಮುಂದೆ ಜೋರಾಗಿ ಕೂಗಿದರು, ಆ ದಿನ ಟೆಸ್ಟ್ ಮಾಡಿಸದೆ ಬಂದುಬಿಟ್ಟೆ. ಈಗ ಹುಬ್ಬಳ್ಳಿಗೆ ಹೋಗುತ್ತೇನೆ. ಬಸ್ಸಿನಲ್ಲಿ ಅರ್ಧ ದಿನ ಹೋದರೂ ಪರವಾಗಿಲ್ಲ.

ಕಾಳಿ_ದಂಡೆ:
ಇಬ್ಬರಿಗೂ ಥ್ಯಾಂಕ್ಸ್. ಇದನ್ನೆಲ್ಲ ಕನ್ನಡದಲ್ಲಿ ಓದಿದ್ದು ಇದೇ ಮೊದಲು, ಎರಡು ಸಲ ಓದಿದೆ. ಟೆಸ್ಟ್‌ಗೆ ಈ ಶನಿವಾರವೇ ಹೋಗುತ್ತೇನೆ. ಇನ್ನೊಂದು ಸಣ್ಣ ಪ್ರಶ್ನೆ: ಒಳಗೆ ಚಪ್ಪಲಿ ಕೊಡುತ್ತಾರಾ, ಬರಿಗಾಲಾ?

ಶಿರಸಿ_ಮಳೆ:
ನಾನು ಹೋದಲ್ಲಿ ಕೊಟ್ಟಿದ್ದರು. ನೆಲ ಜಾರುತ್ತದೆ, ಹುಷಾರು. ಅಘನಾಶಿನಿ, ಮುಂದಿನ ಸಲ ಹುಬ್ಬಳ್ಳಿಗೆ ಹೋಗುವಾಗ ಹೇಳಿ, ನಾನೂ ಜೊತೆಗೆ ಬರುತ್ತೇನೆ.